ಐದನೇ ತರಗತಿಗೆ ಒಂದು ಬ್ಲಾಗು: ನಾವು ಮಾಡಿಕೊಂಡ ರೀತಿ

ನಮ್ಮ ಶಾಲೆ ಇರುವುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯ ಕಡೆಗೆ. ಸುತ್ತಲೂ ಲಿಂಬೆ ತೋಟ, ಬಿಳಿಜೋಳದ ಹೊಲ. ನನ್ನ ಐದನೇ ತರಗತಿಯಲ್ಲಿ 26 ಮಕ್ಕಳು. ಅದರಲ್ಲಿ ಒಂಬತ್ತು ಮಕ್ಕಳ ಅಪ್ಪ-ಅವ್ವ ದುಡಿಯಲು ಗೋವಾ, ಪುಣೆ ಕಡೆ ಹೋಗಿದ್ದಾರೆ. ಮಕ್ಕಳು ಅಜ್ಜಿ ಹತ್ತಿರ ಇರುತ್ತಾರೆ. ಬ್ಲಾಗಿನ ಯೋಚನೆ ಬಂದದ್ದು ಈ ಒಂಬತ್ತು ಮಕ್ಕಳಿಂದ.

ಈ ಬ್ಲಾಗು ಹೇಗೆ ಮಾಡಿದಿರಿ ಎಂದು ಬೇರೆ ಶಾಲೆಯ ಟೀಚರ್‌ಗಳು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಕಂಪ್ಯೂಟರ್ ಎಷ್ಟಿವೆ ಅನ್ನೋದೇ ಮೊದಲ ಪ್ರಶ್ನೆ. ಒಂದೂ ಇಲ್ಲ. ನನ್ನ ಫೋನು ಇದೆ, ಅದರ ಗಾಜಿನ ಒಂದು ಮೂಲೆ ಒಡೆದಿದೆ.

ಮೊದಲ ವರ್ಷ ನಾನು ಕೆಡಿಸಿದೆ. 'ಹಸು', 'ನನ್ನ ಶಾಲೆ' ಅಂತ ವಿಷಯ ಕೊಟ್ಟೆ. ಬಹುತೇಕ ಎಲ್ಲರೂ 'ಹಸು ಒಂದು ಸಾಧು ಪ್ರಾಣಿ' ಎಂದೇ ಶುರು ಮಾಡಿದರು. ನಾನು ಅಷ್ಟನ್ನೂ ಟೈಪ್ ಮಾಡಿ ಹಾಕಿದೆ. ಯಾರೂ ಓದಲಿಲ್ಲ. ಯಾಕೆ ಓದಬೇಕು, ಅಲ್ವಾ? ಅದಕ್ಕೇ ಹೇಳುತ್ತೇನೆ, ಖಾತೆ ತೆರೆಯುವ ಮುಂಚೆ ಓದುವವರು ಯಾರು ಅಂತ ತೀರ್ಮಾನ ಮಾಡಿ. ನಮಗೆ ಓದುವವರು ಊರು ಬಿಟ್ಟು ಹೋದ ಅಪ್ಪ-ಅವ್ವಂದಿರು.

ಎರಡನೇ ವರ್ಷ ಎಳ್ಳ ಅಮಾವಾಸ್ಯೆ ಮುಗಿದ ಮರುದಿನ, ಹೊಲದಲ್ಲಿ ಚರಗ ಚೆಲ್ಲಿದ್ದರ ಬಗ್ಗೆ, ಅಂದರೆ ಕೂಗುತ್ತ ಬೆಳೆಗೆ ಎಡೆ ಚೆಲ್ಲಿದ್ದರ ಬಗ್ಗೆ, ಬರೆಯಿರಿ ಎಂದೆ. ಒಬ್ಬ ಹುಡುಗಿ ನಾಲ್ಕೇ ಸಾಲು ಬರೆದಳು: 'ಈ ಸಲ ಚರಗಕ್ಕ ಅಪ್ಪ ಬರಲಿಲ್ಲ. ಅಜ್ಜ ಕೂಗಿದ. ಅಜ್ಜನ ದನಿ ಸಣ್ಣದು. ಬಾಜೂ ಹೊಲದ ಮಟಾನೂ ಹೋಗಲಿಲ್ಲ.' ಹಾಗೇ ಹಾಕಿದೆ. ರಾತ್ರಿ ಹತ್ತು ಗಂಟೆಗೆ ಮಡಗಾಂವಿನಿಂದ ಅವಳ ಅಪ್ಪನ ಕಾಮೆಂಟು ಬಂತು: 'ಸಜ್ಜಿ ಕಡಬು ಎಷ್ಟ ಮಾಡಿದ್ರಿ, ಪುಂಡಿಪಲ್ಲೆ ಇತ್ತೋ ಇಲ್ಲೋ, ಅದನ್ನ ಬರದೇ ಇಲ್ಲಲ್ಲ?' ಮರುದಿನ ಅವಳು ಎರಡು ಪುಟ ಬರೆದು ತಂದಳು. ಕಡಬಿನ ಲೆಕ್ಕ, ಭಜ್ಜಿಗೆ ಏನೇನು ಹಾಕಿದ್ದರು, ಎತ್ತಿನ ಕೊಂಬಿಗೆ ಯಾವ ಬಣ್ಣ, ಎಲ್ಲ ಇತ್ತು. 'ಇನ್ನೂ ವಿವರವಾಗಿ ಬರೆ' ಎಂದು ನಾನು ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಬರೆದಿದ್ದೆನೋ!

ಇನ್ನು ಮಾಡುವ ರೀತಿ. ನಾನು ಬಳಸುವುದು ಬ್ಲಾಗರ್, ಬ್ಲಾಗು ಮಾಡಲು ಗೂಗಲ್‌ನವರು ಕೊಡುವ ಜಾಗ. ದುಡ್ಡು ಕೊಡಬೇಕಿಲ್ಲ, ಫೋನಿನಲ್ಲೇ ಎಲ್ಲ ಆಗುತ್ತದೆ. ಗೂಗಲ್ ಖಾತೆಯನ್ನು ಸ್ವಂತವಾಗಿ ತೆರೆಯಲು 13 ವರ್ಷ ಆಗಿರಬೇಕು, ನಮ್ಮ ಮಕ್ಕಳಿಗೆ ಹತ್ತು-ಹನ್ನೊಂದು. ಹಾಗಾಗಿ ಖಾತೆ ಟೀಚರ್ ಹೆಸರಲ್ಲೇ ಇರಲಿ. ನಿಮ್ಮ ಸ್ವಂತ ಇಮೇಲ್ ಬೇಡ, ತರಗತಿಗೆಂದೇ ಹೊಸದು ಮಾಡಿ. ಹೆಡ್ ಮಾಸ್ತರರಿಗೆ ಹೇಳಿ, ಎಸ್‌ಡಿಎಂಸಿ (ಪಾಲಕರೂ ಇರುವ ಶಾಲಾ ಸಮಿತಿ) ಸಭೆಯಲ್ಲಿ ಫೋನ್ ತೆಗೆದು ತೋರಿಸಿ, ಪಾಲಕರ ಸಹಿ ತಗೊಳ್ಳಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಸಹಿ ಬಾರದ ಅಜ್ಜಿಯರು ಹೆಬ್ಬೆಟ್ಟು ಒತ್ತಿದರು.

ಸೆಟ್ಟಿಂಗ್ಸ್‌ನಲ್ಲಿ ಮೂರು ಕಡೆ ನೋಡಿ. ಸರ್ಚ್ ಇಂಜಿನ್‌ಗಳಿಗೆ ಕಾಣಿಸುವ ಆಯ್ಕೆಯನ್ನು ಆಫ್ ಮಾಡಿ. ಕಾಮೆಂಟು ನೀವು ನೋಡಿ ಒಪ್ಪಿದ ಮೇಲೆಯೇ ಕಾಣುವಂತೆ ಇಡಿ. ಆದರೆ ಯಾರು ಬೇಕಾದರೂ ಕಾಮೆಂಟ್ ಬರೆಯುವಂತೆ ಬಿಡಿ, ಇಲ್ಲದಿದ್ದರೆ ಲಾಗಿನ್ ಗೊತ್ತಿಲ್ಲದ ಅಪ್ಪ ಬರೆಯುವುದಾದರೂ ಹೇಗೆ? ಕರೆದವರಷ್ಟೇ ಓದುವಂತೆಯೂ ಇಡಬಹುದು, ಅದು ಜಾಸ್ತಿ ಭದ್ರ. ಆದರೆ ಒಬ್ಬೊಬ್ಬರಿಗೂ ಇಮೇಲ್ ಬೇಕು. ನಮ್ಮ ಕಡೆ ಅದು ನಡೆಯಲಿಲ್ಲ.

ಮಕ್ಕಳ ನಿಜವಾದ ಹೆಸರು, ಮುಖ, ಊರು ಯಾವುದೂ ಬೇಡ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಶುರುವಿನಲ್ಲಿ ಶಾಲೆಯ ಬೋರ್ಡಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದು ಹಾಕಿದ್ದೆ. ಒಬ್ಬ ಹುಡುಗನ ಅಜ್ಜಿ ಗೇಟಿನ ಹತ್ತಿರ ಹಿಡಿದು ಕೇಳಿದಳು: 'ಅಕ್ಕೋರೇ, ನಮ್ಮ ಹುಡುಗನ್ನ ಯಾರ್ಯಾರು ನೋಡತಾರ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ನಿಂತು ಫೋಟೋ ತೆಗೆದುಹಾಕಿದೆ. ಈಗ ಪ್ರತಿಯೊಬ್ಬರಿಗೂ ಒಂದು ಬ್ಲಾಗ್ ಹೆಸರಿದೆ. ಗುಬ್ಬಿ, ಜೀರಂಗಿ, ಲಿಂಬಿಕಾಯಿ ಎಂದು ತಾವೇ ಇಟ್ಟುಕೊಂಡಿದ್ದಾರೆ. ಯಾರು ಯಾವುದು ಅಂತ ಮನೆಯವರಿಗೆ ಗೊತ್ತು, ಸಾಕು. ಫೋಟೋ ಬೇಕಾದರೆ ಕೈ, ಚಿತ್ರ, ರೊಟ್ಟಿ ಬುಟ್ಟಿ. ಕ್ಯಾಮೆರಾದಲ್ಲಿ ಲೊಕೇಶನ್ ಉಳಿಸುವ ಆಯ್ಕೆಯನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಚಿತ್ರದ ಫೈಲಿನೊಳಗೆ ಜಾಗದ ಗುರುತು ಕೂತಿರುತ್ತದೆ.

ಬರವಣಿಗೆ ಮೊದಲು ಕಾಗದದ ಮೇಲೇ. ಸೀದಾ ಫೋನ್ ಕೊಟ್ಟರೆ ಮಕ್ಕಳು ಬರೆಯುವುದಿಲ್ಲ, ಗುಂಡಿ ಒತ್ತುತ್ತಾರೆ. ನಾಲ್ಕು ಜನರ ಗುಂಪು ಮಾಡುತ್ತೇನೆ. ಒಬ್ಬರು ಓದಬೇಕು, ಒಬ್ಬರು ಟೈಪ್ ಮಾಡಬೇಕು, ಒಬ್ಬರು ಅಕ್ಷರ ನೋಡಬೇಕು, ಇನ್ನೊಬ್ಬರು ಚಿತ್ರ ಬಿಡಿಸಬೇಕು. ಮೂರನೇ ತರಗತಿಯ ತನಕ ನಲಿ-ಕಲಿ ಎಂಬ ಚಟುವಟಿಕೆ ಪದ್ಧತಿಯಲ್ಲಿ ಗುಂಪಾಗಿ ಕೂತು ಕಲಿತವರು, ಇದೇನೂ ಹೊಸದಲ್ಲ. ಒಂದು ವಾರಕ್ಕೆ ಒಂದೇ ಗುಂಪು. ಉಳಿದವರು ಆಗ ಪುಸ್ತಕ ಓದುತ್ತಿರುತ್ತಾರೆ.

ಟೈಪ್ ಮಾಡುವುದೇ ಒಂದು ಕಾಗುಣಿತದ ಪಾಠ ಎಂದು ನನಗೂ ಮೊದಲು ಗೊತ್ತಿರಲಿಲ್ಲ. ನಮ್ಮ ಜೀರಂಗಿ ನೋಟ್‌ಬುಕ್ಕಿನಲ್ಲಿ ಯಾವಾಗಲೂ 'ಅಜಿ' ಎಂದೇ ಬರೆಯುತ್ತಿದ್ದ. ತಿದ್ದಿ ತಿದ್ದಿ ನನಗೆ ಸಾಕಾಗಿತ್ತು. ಫೋನಿನ ಕನ್ನಡ ಕೀಬೋರ್ಡಿನಲ್ಲಿ 'ಅಜ್ಜಿ' ಬರಬೇಕಾದರೆ ಅ ಆದ ಮೇಲೆ ಜ, ಆಮೇಲೆ ಅರ್ಧ ಮಾಡುವ ಗುರುತು, ಮತ್ತೆ ಜ, ಕೊನೆಗೆ ಗುಡಿಸು ಒತ್ತಬೇಕು. ಪಕ್ಕದ ಹುಡುಗಿ, 'ಎರಡು ಜ ಒತ್ತೋ, ನಿಮ್ಮಜ್ಜಿ ಅರ್ಧಾ ಆಗ್ಯಾಳ' ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ, ಒತ್ತಿದ. ಈಗ ನೋಟ್‌ಬುಕ್ಕಿನಲ್ಲೂ ಒತ್ತು ಬರುತ್ತಿದೆ.

ಮಾತಾಡಿ ಟೈಪ್ ಮಾಡುವ ಮೈಕ್ ಕೂಡ ಇದೆ. ಅದನ್ನು ತಮಾಷೆಗೆ ಬಳಸಿ, ಕೆಲಸಕ್ಕೆ ಕಮ್ಮಿ. 'ಅವ್ವ ಕಣಕಿ ತರಾಕ ಹೋಗ್ಯಾಳ' ಅಂದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ, ಏನೋ ಒಂದು ಬರೆಯುತ್ತದೆ. ನಾನು ಅದನ್ನು ಬೋರ್ಡಿನ ಮೇಲೆ ಬರೆದು, ಫೋನಿನ ತಪ್ಪು ತಿದ್ದಿ ಎನ್ನುತ್ತೇನೆ. ಮಕ್ಕಳಿಗೆ ಟೀಚರ್ ಆಗುವ ಖುಷಿ.

ಭಾಷೆಯ ಬಗ್ಗೆ ನನ್ನ ನಿಯಮ ಒಂದೇ. ಮನೆಯವರು ಆಡಿದ ಮಾತು ಆಡಿದ ಹಾಗೇ ಇರಬೇಕು. 'ಹೋಗ್ಯಾಳ' ಅನ್ನುವುದನ್ನು 'ಹೋಗಿದ್ದಾಳೆ' ಮಾಡಿದರೆ ಓದುವ ಅಪ್ಪನಿಗೆ ಅದು ಮನೆಯವರ ಮಾತು ಅನಿಸುವುದಿಲ್ಲ. ಉಳಿದ ಸಾಲುಗಳನ್ನು ಪುಸ್ತಕದ ಕನ್ನಡಕ್ಕೆ ತರಲು ಪ್ರಯತ್ನಿಸುತ್ತೇವೆ. ಅರ್ಧ ಬರುತ್ತದೆ, ಅರ್ಧ ಬರಲ್ಲ, ಬಿಡುತ್ತೇನೆ. ಕೆಲವು ಅಧಿಕಾರಿಗಳಿಗೆ ಇದು ಇಷ್ಟವಾಗುವುದಿಲ್ಲ, ಆಗದಿದ್ದರೆ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು: ಕನ್ನಡ ಟೈಪಿಂಗಿನ ತಂತ್ರಾಂಶ 'ನುಡಿ' ಆಗಲಿ, 'ಬರಹ' ಆಗಲಿ, ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್ ಆಯ್ಕೆಯಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದು ಅಂಟಿಸಿದರೆ ಓದುವವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ.

ಓದಲು ಬಾರದ ಅಜ್ಜಿಯರಿಗೆ ಏನು? ಮಗು ತಾನು ಬರೆದದ್ದನ್ನು ಓದುತ್ತದೆ, ಒಂದು ನಿಮಿಷದ ಒಳಗೆ ರೆಕಾರ್ಡ್ ಮಾಡುತ್ತೇವೆ. ಬ್ಲಾಗರ್‌ನಲ್ಲಿ ಆಡಿಯೊ ಫೈಲನ್ನು ಸೀದಾ ಹಾಕಲು ಬರುವುದಿಲ್ಲ. ಹಾಗಾಗಿ ಪಾಲಕರ ವಾಟ್ಸಾಪ್ ಗುಂಪಿಗೆ ದನಿಯನ್ನು ಕಳಿಸಿ, ಅದರ ಕೆಳಗೆ ಬ್ಲಾಗಿನ ಲಿಂಕ್ ಕೊಡುತ್ತೇನೆ. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ. ನಮ್ಮಲ್ಲಿ ಕರೆಂಟೇ ಹೋಗಿರುತ್ತದೆ, ಆ ತೊಂದರೆ ಇಲ್ಲ.

ಬರೆಯಲು ಓದು ಬೇಕು. ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ 2015ರಿಂದ ಇದೆ, ಕನ್ನಡ ಕಥೆಗಳು ಬೇಕಾದಷ್ಟಿವೆ. ಮನೆಯಲ್ಲಿ ಇಳಿಸಿಕೊಂಡು ಬಂದರೆ ತರಗತಿಯಲ್ಲಿ ನೆಟ್ ಬೇಡ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡುವುದು ಎಲ್ಲರಿಗೂ ಗೊತ್ತೇ ಇದೆ.

ಎಷ್ಟು ಜನ ನೋಡಿದರು ಅನ್ನುವ ಲೆಕ್ಕವನ್ನು ಮಕ್ಕಳಿಗೆ ತೋರಿಸಬೇಡಿ. ಒಂದು ಸಲ ತೋರಿಸಿದೆ, ಒಂದು ವಾರ ಬರೀ ಜಗಳ. ಚೆನ್ನಾಗಿ ಬರೆಯುವವರದ್ದನ್ನೇ ಹಾಕುವುದೂ ಬೇಡ, ಸರದಿ ಇರಲಿ. ಕಾಮೆಂಟು ಬಾರದ ಮಗುವಿಗೆ ಬೇರೆ ಗುಂಪಿನವರು ಒಂದು ಪ್ರಶ್ನೆ ಬರೆಯಬೇಕು. 'ಚೆನ್ನಾಗಿದೆ' ಅನ್ನುವ ಹಾಗಿಲ್ಲ, ಪ್ರಶ್ನೆಯೇ ಆಗಬೇಕು.

ನಮಗೆ ವರ್ಗಾವಣೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಬ್ಲಾಗಿಗೆ ಇನ್ನೊಬ್ಬ ಟೀಚರನ್ನೂ ಅಡ್ಮಿನ್ ಮಾಡಿದ್ದೇನೆ. ಮಾರ್ಚ್‌ನಲ್ಲಿ ಎಲ್ಲ ಬರಹಗಳನ್ನೂ ಇಂಡಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಹೊಲಿಯಲು ದಪ್ಪ ಸೂಜಿ ಲಿಂಬಿಕಾಯಿಯೇ ತಂದ, ಅವರ ಮನೆಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ.