ಕ್ರುಸೇಡರ್ ಕಿಂಗ್ಸ್ 3: ವಾರಸುದಾರರಿಲ್ಲದೆ ಆಟ ಮುಗಿಯದಂತೆ ನೋಡಿಕೊಳ್ಳುವುದು ಹೇಗೆ

ಮಧ್ಯಯುಗದ ರಾಜವಂಶವೊಂದನ್ನು ತಲೆಮಾರಿನಿಂದ ತಲೆಮಾರಿಗೆ ಮುನ್ನಡೆಸುವ ಕಂಪ್ಯೂಟರ್ ಆಟ ಕ್ರುಸೇಡರ್ ಕಿಂಗ್ಸ್ 3ರಲ್ಲಿ ಯುದ್ಧ ಸೋತರೂ ಖಜಾನೆ ಬರಿದಾದರೂ ಆಟ ನಡೆಯುತ್ತದೆ. ಆದರೆ ರಾಜ ಸತ್ತಾಗ ಅವನ ಒಂದು ಪಟ್ಟವೂ ನಿಮ್ಮ ವಂಶದವರಿಗೆ ದಕ್ಕದಿದ್ದರೆ ಮೂಲ ಆಟದಲ್ಲಿ ಅಲ್ಲಿಗೇ ಗೇಮ್ ಓವರ್. ಸ್ವಂತ ಮೊಮ್ಮಗನೇ ಸಿಂಹಾಸನ ಏರಿದರೂ ಅವನು ಬೇರೆ ವಂಶಕ್ಕೆ ಸೇರಿದ್ದರೆ ಪ್ರಯೋಜನವಿಲ್ಲ.

ವಾರಸುದಾರರ ಕೊರತೆಯನ್ನು ಹೆಚ್ಚಿನ ಸಲ ತಂದುಕೊಳ್ಳುವುದು ಆಟಗಾರರೇ. ಆರಂಭದ ಕಾಲದಲ್ಲಿ ಬಹುತೇಕ ರಾಜ್ಯಗಳಲ್ಲಿ ಪಾರ್ಟಿಷನ್ ಕಾನೂನು ಇರುತ್ತದೆ, ಗಂಡುಮಕ್ಕಳಿಗೆಲ್ಲ ಪಾಲು ಹೋಗುತ್ತದೆ. ಅದಕ್ಕೆ ಹೆದರಿ ಕಿರಿಯ ಮಕ್ಕಳನ್ನು ಮಠಕ್ಕೆ ಕಳಿಸುತ್ತಾರೆ ಅಥವಾ ಹಕ್ಕಿನಿಂದ ಹೊರಗಿಡುತ್ತಾರೆ. ಉಳಿದ ಒಬ್ಬನೇ ಮಗ 16 ತುಂಬಿದ ಮೇಲೆ ನೈಟ್ (ಸೇನೆಯ ಮುಂಚೂಣಿ ವೀರರ) ಪಟ್ಟಿಗೆ ತಾನಾಗಿಯೇ ಸೇರಿ, ಯಾವುದೋ ಸಣ್ಣ ಯುದ್ಧದಲ್ಲಿ ಸಾಯುತ್ತಾನೆ. ಮಗನಿಗೆ 16 ಆದ ದಿನವೇ ಮಿಲಿಟರಿ ಕಿಟಕಿ ತೆರೆದು, ನೈಟ್ ಪಟ್ಟಿಯಲ್ಲಿ ಅವನಿಗೆ ನಿಷೇಧ ಹಾಕಿ. ದಂಡನಾಯಕನಾಗಿಯೂ ಕಳಿಸಬೇಡಿ. ಹಿರಿಯನಿಗೆ ಮಗ ಹುಟ್ಟುವವರೆಗೆ ಕಿರಿಯನೊಬ್ಬನ ಹಕ್ಕನ್ನು ಮುಟ್ಟಲೇಬೇಡಿ. ಅವನ ಪಾಲಿಗೆ ಒಂದೆರಡು ಕೌಂಟಿ (ಸಣ್ಣ ಪ್ರಾಂತ) ಹೋದರೆ ಯುದ್ಧ ಮಾಡಿ ಮರಳಿ ಪಡೆಯಬಹುದು.

ಮಗಳೇ ವಾರಸುದಾರಳಾದರೆ ಮದುವೆಯ ಪರದೆಯಲ್ಲಿ ಮ್ಯಾಟ್ರಿಲಿನಿಯಲ್ (ಮಕ್ಕಳು ತಾಯಿಯ ವಂಶಕ್ಕೆ ಸೇರುವ) ಆಯ್ಕೆಯನ್ನು ಟಿಕ್ ಮಾಡಲೇಬೇಕು. ಮರೆತರೆ ಅವಳ ಮಕ್ಕಳು ಗಂಡನ ವಂಶಕ್ಕೆ ಸೇರುತ್ತಾರೆ. ಏಟು ಬೀಳುವುದು ಅವಳು ಸತ್ತಾಗ, ಅಂದರೆ ಒಂದು ತಲೆಮಾರು ತಡವಾಗಿ. ಅದಕ್ಕೇ ಇದು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ರಾಜರ ಹಿರಿಯ ಮಕ್ಕಳು ಇಂಥ ಮದುವೆಗೆ ಒಪ್ಪುವುದಿಲ್ಲ. ಪಟ್ಟದ ಆಸೆಯಿಲ್ಲದ ಮೂರನೆಯ, ನಾಲ್ಕನೆಯ ಮಗನನ್ನೋ ನಿಮ್ಮ ಆಸ್ಥಾನದಲ್ಲೇ ಇರುವವನನ್ನೋ ಹುಡುಕಿ. ಮೈತ್ರಿ ಸಿಗದಿದ್ದರೆ ಸಿಗದಿರಲಿ.

ರಾಜನಿಗೆ ಹೆಂಡತಿ ಹುಡುಕುವಾಗ ಮೈತ್ರಿಗಿಂತ ಮೊದಲು ವಯಸ್ಸು ನೋಡಿ: ಹೆಂಗಸರಿಗೆ 45ರ ನಂತರ ಮಕ್ಕಳಾಗುವುದಿಲ್ಲ. ಲಸ್ಟ್‌ಫುಲ್ (ಕಾಮುಕ) ಗುಣ ಫಲವಂತಿಕೆಯನ್ನು ಹೆಚ್ಚಿಸುತ್ತದೆ, ಚೇಸ್ಟ್ (ಸಂಯಮಿ) ಗುಣ ತಗ್ಗಿಸುತ್ತದೆ. ಮಕ್ಕಳು ಸಾಕೆನಿಸಿದರೆ ಇದ್ದವರ ಹಕ್ಕು ಕಿತ್ತುಕೊಳ್ಳುವ ಬದಲು ರಾಜನೇ ಬ್ರಹ್ಮಚರ್ಯ ಹಿಡಿಯುವ ನಿರ್ಧಾರವೂ ಆಟದಲ್ಲಿದೆ. ಬೇಕಾದಾಗ ಅದನ್ನು ಬಿಡಲೂಬಹುದು.

ಚುನಾವಣೆಯ ಕಾನೂನಿರುವ ರಾಜ್ಯದಲ್ಲಿ ಮಕ್ಕಳಿದ್ದರೂ ಪಟ್ಟ ಬೇರೆಯವರ ಪಾಲಾಗಬಹುದು. ಅಲ್ಲಿ ಚುನಾವಣೆಗೆ ಒಳಪಡದ ಒಂದು ಕೌಂಟಿಯೋ ಡಚಿಯೋ (ಕೌಂಟಿಗಿಂತ ದೊಡ್ಡ ಪ್ರಾಂತ) ನಿಮ್ಮ ಕೈಯಲ್ಲೇ ಇರಲಿ. ಕಿರೀಟ ಹೋದರೂ ಮಗ ಆ ತುಂಡು ನೆಲದಿಂದ ಆಟ ಮುಂದುವರಿಸುತ್ತಾನೆ.

ರಾಜನಿಗೆ ವಯಸ್ಸಾಗಿ ವಾರಸುದಾರನಿಲ್ಲ ಎಂಬ ಎಚ್ಚರಿಕೆ ಮೇಲೆ ಕಾಣಿಸಿಕೊಂಡರೆ ಆಟವನ್ನು ಪಾಜ್ ಮಾಡಿ, ಈ ಕ್ರಮದಲ್ಲಿ ನೋಡಿ:

1. ಹಕ್ಕು ಕಳೆದುಕೊಂಡ ಮಗನಿದ್ದರೆ ಅವನ ಹಕ್ಕನ್ನು ಮರಳಿ ಕೊಡಿ. ಇದನ್ನು ಮಾಡಲು ನೀವೇ ವಂಶದ ಯಜಮಾನರಾಗಿರಬೇಕು.
2. ಮದುವೆಯಾಚೆ ಹುಟ್ಟಿದ ಮಗುವಿದ್ದು, ನಿಮ್ಮ ಧರ್ಮ ಒಪ್ಪಿದರೆ, ಅದನ್ನು ಸಕ್ರಮ ಮಾಡಿ.
3. ವಿಚ್ಛೇದನ ಪಡೆದು ಎಳೆಯ ವಯಸ್ಸಿನ ಹೆಂಡತಿಯನ್ನು ತನ್ನಿ. ಕ್ಯಾಥೊಲಿಕ್ ರಾಜನಾದರೆ ಪೋಪ್ ಅನುಮತಿ ಬೇಕು. ಇಸ್ಲಾಂ ಮತದಲ್ಲಿ ನಾಲ್ಕು ಮದುವೆಗೆ ಅವಕಾಶವಿರುವುದರಿಂದ ಆ ತೊಡಕಿಲ್ಲ.
4. ತಮ್ಮನೋ ಅವನ ಮಗನೋ ಸೆರೆಯಲ್ಲಿದ್ದರೆ ಬಿಡಿಸಿ, ಜೀವ ಉಳಿಸಿ. ಅವನಿಗೆ ನಿಮ್ಮನ್ನು ಕಂಡರಾಗದಿದ್ದರೂ ಚಿಂತೆಯಿಲ್ಲ. ನಾಳೆ ನೀವು ಆಡುವುದು ಅವನಾಗಿಯೇ.