ಹುಣಸೆ ಬೀಜದಲ್ಲಿ ಗ್ರೀಕರ ಲೆಕ್ಕ

ಪೈಥಾಗೊರಸನ ಶಿಷ್ಯಪರಂಪರೆಯವರು ಸಣ್ಣ ಕಲ್ಲುಗಳನ್ನು ಜೋಡಿಸಿ ಸಂಖ್ಯೆಗಳ ಗುಣ ನೋಡುತ್ತಿದ್ದರು. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕೂಡುವುದು, ಕಳೆಯುವುದು, ಮಗ್ಗಿ ಮೂರನ್ನೂ ಹೀಗೆ ಕಲಿಸಬಹುದು.

ಮಲೆನಾಡಿನ ಮನೆಯಲ್ಲಿ ಚನ್ನೆಮಣೆಯ ಹುಣಸೆ ಬೀಜ ಇದ್ದೇ ಇರುತ್ತದೆ. ಅದು 25, ಒಣ ಅವರೆಕಾಳು 10 ತೆಗೆದುಕೊಳ್ಳಿ. ಗೋಟಡಿಕೆ ಉರುಳಿ ಸಾಲು ಕೆಡುತ್ತದೆ. ಗುಲಗಂಜಿ ಮಾತ್ರ ಬೇಡವೇ ಬೇಡ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಜಗಲಿಯ ಮೇಲೆ ಎರಡು ಬೆರಳಗಲ ಬಿಟ್ಟು ಐದು ಸಾಲು, ಸಾಲಿಗೆ ಐದರಂತೆ ರಂಗೋಲಿ ಚುಕ್ಕಿ ಇಡಿ. ಚುಕ್ಕಿಯಿಲ್ಲದೆ ಜೋಡಿಸಿದರೆ ಚೌಕ ಸೊಟ್ಟಗಾಗಿ ಮಗುವಿಗೆ ಆಕಾರವೇ ಕಾಣುವುದಿಲ್ಲ.

ಮೂಲೆಯ ಚುಕ್ಕಿಗೆ ಒಂದು ಬೀಜ. ಅದರ ಬಲಕ್ಕೆ, ಕೆಳಕ್ಕೆ, ಆ ಎರಡರ ನಡುವಿನ ಮೂಲೆಗೆ ಒಂದೊಂದು: 3 ಸೇರಿ 4 ಆಯಿತು. ಮುಂದಿನ ಸುತ್ತಿಗೆ 5, ಆಮೇಲೆ 7, ಕೊನೆಗೆ 9. ಚೌಕಗಳು 1, 4, 9, 16, 25. ಪ್ರತಿ ಸುತ್ತಿಗೂ ಮೊದಲು ಎಷ್ಟು ಬೀಜ ಬೇಕೆಂದು ಮಗುವೇ ಹೇಳಿ ರಾಶಿಯಿಂದ ಎಣಿಸಿ ತೆಗೆಯಲಿ. ಕಲಿಕೆಯೆಲ್ಲ ಆ ಊಹೆಯಲ್ಲಿದೆ, ನೀವು ಹೇಳಿಕೊಟ್ಟರೆ ಅದು ಬರೀ ಜೋಡಿಸುವ ಕೆಲಸ. ಸಾಲಿಗೆ ಮೂರರಂತೆ 9 ಬೀಜದ ಚೌಕಕ್ಕೆ ಮುಂದಿನ ಸುತ್ತು ಕಟ್ಟುವಾಗ ಮಗು 6 ಎಂದರೆ ಮೂಲೆಯನ್ನು ಮರೆತಿದೆ. 8 ಎಂದರೆ ಮೂಲೆಯನ್ನು ಎರಡು ಸಲ ಎಣಿಸಿದೆ. ಬಲಕ್ಕೆ 3, ಕೆಳಕ್ಕೆ 3, ಮೂಲೆಗೆ 1 ಎಂದು ಬೆರಳಿಟ್ಟು ಎಣಿಸಿಸಿ.

ಇನ್ನು 1, 2, 3, 4 ಬೀಜಗಳ ಸಾಲುಗಳನ್ನು ಒಂದರ ಕೆಳಗೊಂದು ಇಡಿ. ಪೈಥಾಗೊರಸನವರಿಗೆ ಪವಿತ್ರವಾಗಿದ್ದ 10 ಇದೇ. ಸಾಲುಗಳೆಲ್ಲ ಎಡ ಅಂಚಿಗೆ ಸಮನಾಗಿರಲಿ. ಗೋಪುರದ ಹಾಗೆ ನಡುವಿಗೆ ಇಟ್ಟರೆ ಮುಂದಿನ ಹೆಜ್ಜೆ ಕೂಡುವುದಿಲ್ಲ. ಅವರೆಕಾಳಿನ ಇಂಥದ್ದೇ ಮೆಟ್ಟಿಲನ್ನು ತಲೆಕೆಳಗು ಮಾಡಿ ಪಕ್ಕಕ್ಕೆ ಸೇರಿಸಿದರೆ 4 ಸಾಲು, ಸಾಲಿಗೆ 5. ಒಟ್ಟು 20, ಅದರ ಅರ್ಧ 10.

ಕಳೆಯುವುದಕ್ಕೆ ಯೂಕ್ಲಿಡ್ ಇದ್ದಾನೆ. ಕ್ರಿ.ಪೂ. 300ರ ಸುಮಾರಿಗೆ ಬರೆದ 'ಎಲಿಮೆಂಟ್ಸ್' ಎಂಬ ಗಣಿತ ಗ್ರಂಥದ ಏಳನೇ ಭಾಗದಲ್ಲಿ, ಎರಡು ಸಂಖ್ಯೆಗಳನ್ನೂ ಮಿಗದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆಯನ್ನು ಬರೀ ಕಳೆಯುತ್ತಾ ಹುಡುಕುವ ಕ್ರಮ ಕೊಟ್ಟಿದ್ದಾನೆ. ಹುಣಸೆ ಬೀಜ 21, ಅವರೆಕಾಳು 9, ಎರಡು ಗುಡ್ಡೆ ಮಾಡಿ. ಸಣ್ಣ ಗುಡ್ಡೆಯಲ್ಲಿ ಎಷ್ಟಿದೆಯೋ ಅಷ್ಟನ್ನು ದೊಡ್ಡದರಿಂದ ತೆಗೆಯಬೇಕು: 21 ಹೋಗಿ 12, ಆಮೇಲೆ 3. ಈಗ ಅವರೆಯೇ ದೊಡ್ಡದು: 9, 6, 3. ಎರಡೂ ಸಮ, ಉತ್ತರ 3. ತೆಗೆದದ್ದನ್ನು ಚನ್ನೆಮಣೆಯ ಗುಳಿಗೆ ಹಾಕಿಸಿ, ಪಕ್ಕದಲ್ಲೇ ಬಿಟ್ಟರೆ ಮತ್ತೆ ಎಣಿಕೆಗೆ ಸೇರುತ್ತದೆ. ಬಳಿಕ 21ನ್ನೂ 9ನ್ನೂ ಮೂರುಮೂರಾಗಿ ಪಾಲು ಮಾಡಿಸಿ: 7 ಪಾಲು, 3 ಪಾಲು, ಏನೂ ಮಿಗುವುದಿಲ್ಲ. 8 ಮತ್ತು 5 ಕೊಟ್ಟರೆ ಕೊನೆಗೆ ಒಂದೊಂದೇ ಉಳಿಯುತ್ತದೆ; ಅವೆರಡನ್ನೂ ಮಿಗದಂತೆ ಭಾಗಿಸುವುದು 1 ಮಾತ್ರ.