ವಯಸ್ಸಾದ ನಾಯಿ ಇರೋರು ಇಮ್ಯುನಿಟಿ ಕಡೆ ಗಮನ ಕೊಡಿ

ದೊಡ್ಡ ತಳಿ ನಾಯಿಗಳಿಗೆ 6-7 ವರ್ಷಕ್ಕೇ ವಯಸ್ಸಾಗೋಕೆ ಶುರು, ಚಿಕ್ಕ ತಳಿಗೆ ಇನ್ನೂ ಸ್ವಲ್ಪ ತಡ. ಸೋಂಕಿನ ಜೊತೆ ಹೋರಾಡೋ ಟಿ ಸೆಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ತಯಾರಾಗೋ ಥೈಮಸ್ ಗ್ರಂಥಿ ಮರಿ ಬೆಳೆದ ಮೇಲೆ ಕುಗ್ತಾ ಬರುತ್ತೆ, ಅದಕ್ಕೇ ವಯಸ್ಸಾದಾಗ ಹೊಸ ಸೋಂಕು ತಗುಲಿದ್ರೆ ಮೈ ಅದರ ಜೊತೆ ಹೋರಾಡೋದು ನಿಧಾನ ಆಗುತ್ತೆ. ಇಷ್ಟು ವರ್ಷ ಲಸಿಕೆ ಹಾಕ್ಸಿದೀವಲ್ಲ ಸಾಕು ಅಂತ ಬೂಸ್ಟರ್ ಡೋಸ್ ನೀವೇ ನಿಲ್ಲಿಸ್ಬೇಡಿ, ಯಾವುದು ಬೇಕು ಯಾವಾಗ ಬೇಕು ಡಾಕ್ಟರ್ ಹೇಳ್ಲಿ.

ನನ್ನ ಕೇಳಿದ್ರೆ ಜನ ಜಾಸ್ತಿ ಮರೆಯೋದು ಹಲ್ಲನ್ನ. ವಸಡು ಊದಿ ಬಾಯಿ ವಾಸನೆ ಬರ್ತಿದ್ರೆ ಆ ಉರಿಯೂತ ಮೈಗೆ ದಿನಾ ಹೊರೆ, ವಯಸ್ಸಾಯ್ತು ಬಿಡಿ ಅಂತ ಸುಮ್ನಿರ್ಬೇಡಿ, ಎಷ್ಟೋ ನಾಯಿಗಳು ನೋವಿದ್ರೂ ತಿಂತಾನೇ ಇರ್ತವೆ ಪಾಪ. ತೂಕ ಇಳಿದ್ರೆ, ಗಾಯ ಮಾಯೋದು ತಡ ಆದ್ರೆ ತಕ್ಷಣ ತೋರ್ಸಿ, ಆರಾಮಾಗಿದ್ರೂ 6 ತಿಂಗಳಿಗೊಮ್ಮೆ ಚೆಕಪ್ ಮಾಡ್ಸಿ.